ಕೈತಪ್ಪಿದ ಬಾಟಲಿ: ನಿಮ್ಮದು ಯಾವುದ್ರಿ?

ಸೋಲಾಪುರ ಚಾದರ:
ಸಾಲಿ, ಸಾತಬಾರಾ (ಹೊಲದ ಪಹಣಿ), ಬಸ್ಸು, ಗಡಿ ಎಲ್ಲಾ ನಮ್ಮ ಈ ಗಡಿನಾಡ ಕನ್ನಡಿಗರ ವೇದಿಕಿಯೊಳಗ ಮಾತಾಡಿ ಮುಗಿಸೀವಿ. ಇವತ್ತ ಒಂದು ಬ್ಯಾರೆ ವಿಷಯ. ವೈನ್ ಕುಡಿಯೋ ಮಂದಿ, ಸ್ವಲ್ಪ ಬಾಯಿ ಬಿಡ್ರಿ. ತಗೋಬೇಕಂತ ಮಾಡಿ ಬಿಟ್ಟ, ಇಲ್ಲಾ ಕೈಗೆ ಬಂದು ಹೋದ, ಇಲ್ಲಾ ಇಟ್ಟು ಇಟ್ಟು ಕೆಡಿಸಿದ ಬಾಟಲಿ ಒಂದಾದ್ರೂ ಇರಬೇಕಲ್ಲ? ಯಾವುದು?

ನಂದು ನಮ್ಮ ಜಿಲ್ಲಾದ್ದ. ಅಕಲೂಜ ಹತ್ರ ಮೋಟೆವಾಡಿಯೊಳಗ ಫ್ರಾಟೆಲಿ ಅವರ ತೋಟ ಅದ. ಇಟಲಿ ಅಣ್ಣತಮ್ಮರು, ದಿಲ್ಲಿ ಅಣ್ಣತಮ್ಮರು, ಅಕಲೂಜದ ಮೋಹಿತೆ-ಪಾಟೀಲ ಅಣ್ಣತಮ್ಮರು ಕೂಡಿ ಹಾಕಿದ್ದು. ಸುತ್ತ ಕಬ್ಬು, ನಡುವ ಇಟಲಿಯ ಸಾಂಜೊವೇಸೆ ದ್ರಾಕ್ಷಿ. ಆ ದ್ರಾಕ್ಷಿಗೆ ಕ್ಯಾಬರ್ನೆ ಸೊವಿನ್ಯೊಂ ಕೂಡಿಸಿ ಸೆಟ್ಟೆ ಅಂತ ಒಂದು ಕೆಂಪು ವೈನ್ ಮಾಡತಾರ. 2009ರ ಬೆಳಿದು ಸಿಗ್ತಿದ್ದಾಗ ನನ್ನ ಗೆಳೆಯಾ 'ಎರಡು ತಗೋ, ಒಂದು ಈಗ, ಒಂದು ಮಗಳು ಹತ್ತನೇ ಪಾಸಾದಾಗ' ಅಂದಾ. ರೇಟ್ ನೋಡಿ 'ಎಲ್ಲಿ ಓಡಿ ಹೋಗ್ತದ, ಮನಿ ಮುಂದಿನ ವೈನು' ಅಂದು ಸುಮ್ಮನಾದೆ. ಓಡಿ ಹೋಗ್ಯದ. ಮುಂದಿನ ವರ್ಷಗಳ ಬೆಳಿ ಸಿಕ್ಕದ, ಕುಡದೀನಿ, ಛಲೋನೂ ಅದ. 2009 ಮಾತ್ರ ಎಲ್ಲಿ ಕೇಳಿದ್ರೂ ಇಲ್ಲ.

ಅಕ್ಕಲಕೋಟ ರಸ್ತೆ:
ಸೋಲಾಪುರದಾಗ ಮೇ ತಿಂಗಳು ವೈನ್ ಕಾಯ್ದಿಡತೀನಿ ಅನ್ನೋ ಧೈರ್ಯಕ್ಕ ಮೊದಲ ಒಂದು ಶಾಲು ಹೊದಿಸ್ರಿ.

ಪುಣೆ ಶಿಫ್ಟ್:
ಅಣ್ಣಾ, ನೀವು ಅದನ್ನ ತಗೊಂಡಿದ್ರೂ ಮನಿಯೊಳಗ ಎಲ್ಲಿ ಇಡತಿದ್ರಿ? ಕಪಾಟಿನ ಮ್ಯಾಲ. 43 ಡಿಗ್ರಿ ಬಿಸಿಲಿಗೆ ಎರಡ ಬ್ಯಾಸಗಿ ಕಳದ್ರ ಆ ಸೆಟ್ಟೆ ಬೆಂದ ಟೊಮ್ಯಾಟೋ ಸಾರು ಆಗತಿತ್ತು. ನೀವು ಕಳಕೊಂಡಿಲ್ಲ, ಉಳಕೊಂಡೀರಿ.

ಸೋಲಾಪುರ ಚಾದರ:
ಸಮಾಧಾನ ಹೇಳಾಕ ಬಂದೀರೋ ಗಾಯದ ಮ್ಯಾಲ ಬರಿ ಎಳ್ಯಾಕೋ?

ಅಕ್ಕಲಕೋಟ ರಸ್ತೆ:
ಚ್ಯಾಷ್ಟಿ ಸಾಕು, ನಂದೂ ಹೇಳತೀನಿ. ನನಗ ತಪ್ಪಿದ್ದು ಒಂದು ಬಾಟಲಿ ಅಲ್ಲ, ಇಡೀ ಕಂಪನಿನ. ನಾರಾಯಣಗಾಂವದ ಇಂಡೇಜ್ ನೆನಪದ ಏನು? ಶಾಮರಾವ್ ಚೌಗುಲೆ ಅವರು 80ರ ದಶಕದಾಗ ಫ್ರಾನ್ಸಿನ ಶಾಂಪೇನ್ ಕಂಪನಿ ಪೈಪರ್-ಹೈಡ್ಸಿಕ್ ಮಂದಿ ನೆರವು ತಗೊಂಡು ನೊರಿ ಏಳೋ ವೈನ್ ಮಾಡಿದ್ರು. ಹೊರದೇಶಕ್ಕ ಅದು ಒಮರ್ ಖಯ್ಯಾಮ್ ಹೆಸರಲೆ ಹೋತು. ಇಲ್ಲಿ ಮಾರ್ಕೀಸ್ ದ ಪೊಂಪಾಡೂರ್. ಅಗ್ಗದಾಗ, ನೊರಿ ಇಲ್ಲದ್ದು ಬೇಕಂದ್ರ ರಿವಿಯೇರಾ. ಈಗಿನ ಹುಡುಗರು ನಾಸಿಕದ ಸುಲಾ ಕಂಪನಿಯಿಂದನ ಭಾರತದ ವೈನ್ ಶುರುವಾತು ಅಂತ ತಿಳದಾರ. ಸುಲಾ ಕಣ್ಣ ತೆರಿಯೋ ಮೊದಲ ನಮ್ಮ ಕಾಕಾ ಪುಣೆದಿಂದ ರಿವಿಯೇರಾ ತರತಿದ್ರು, ಪೇಪರಿನ್ಯಾಗ ಸುತ್ತಿ, ಮ್ಯಾಲ ಬಾಳಿಹಣ್ಣ ಇಟ್ಟು.

ಒಂದು ಸಲ ಪೊಂಪಾಡೂರ್ ತಂದ್ರು. ಅಕ್ಕನ ಮದವಿಗೆ ತೆಗೆಯೂಣು ಅಂದ್ರು. ಮದವ್ಯಾಗ ಸ್ವಾಮಿಗಳು ಬಂದಿದ್ರು, ಆಗಲಿಲ್ಲ. ಮನಿ ಶಾಂತಿಗೆ ಅಂದ್ರು, ಆವಾಗ ಅಜ್ಜಿ ಇದ್ರು. ತಮ್ಮನ ನೌಕರಿಗೆ ಅಂದ್ರು, ಅದು ಬಂದಿದ್ದು ತಡಾ ಆಗಿ. ಅಷ್ಟ್ರಾಗ ಕಂಪನಿ ಸಾಲದಾಗ ಮುಳುಗಿ, ಬಾಂಬೆ ಹೈಕೋರ್ಟಿನ ತನಕ ಹೋಗಿ, ಬಾಗಲಾ ಹಾಕ್ಕೊಂಡಿತು. ಇನ್ನ ಇಂಥಾದ್ದು ಸಿಗೂದಿಲ್ಲಂತ ಗೊತ್ತಾದ ಮ್ಯಾಲ ಕಾಕಾ ಅದನ್ನ ತೆಗೆಯಾಕ ಇನ್ನಷ್ಟು ಹಿಂದಮುಂದ ನೋಡಿದ್ರು. ಕಡೀಕ ತೆಗದಾಗ ಎಲ್ಲಾರೂ ಕಿವಿ ಮುಚ್ಕೊಂಡು ನಿಂತಿದ್ವಿ. ಸಪ್ಪಳನ ಇಲ್ಲ. ಬೂಚು ತಾನ ಸರದು ಕೈಯಾಗ ಬಂತು. ಒಳಗ ಗುಳ್ಳಿ ಒಂದೂ ಇಲ್ಲ, ಬಣ್ಣಾ ಹಳೀ ತುಪ್ಪದಂಗ.

ಸೋಲಾಪುರ ಚಾದರ:
ಕಾಕಾ ಏನಂದ್ರು?

ಅಕ್ಕಲಕೋಟ ರಸ್ತೆ:
'ಫ್ರಾನ್ಸದಾಗೂ ಹಿಂಗ ಇರತದ' ಅಂತ ಹೇಳಿ ಪೂರ್ತಿ ಕುಡದ್ರು.

ಚಂದ್ರಗಿರಿ ದಡ:
ನಮ್ಮ ಕಾಸರಗೋಡಿನ ಕಥೆ ಬೇರೆಯೇ ಮಾರಾಯ್ರೆ. ಇಲ್ಲಿ ಬೆವ್ಕೊ (ಕೇರಳ ಸರಕಾರದ ಮದ್ಯದಂಗಡಿ) ಕ್ಯೂನಲ್ಲಿ ನಿಂತು ವೈನ್ ಕೇಳಿದರೆ ಹಿಂದೆ ನಿಂತವರು 'ಮನೆಯಲ್ಲಿ ಬಾಣಂತಿ ಉಂಟಾ?' ಅಂತ ಕೇಳುತ್ತಾರೆ. ಹಾಗಾಗಿ ಒಳ್ಳೆಯ ಬಾಟಲಿ ಏನಿದ್ದರೂ ಗಲ್ಫಿನಿಂದ ಬರುವ ನೆಂಟರ ಕೈಯಲ್ಲೇ ಬರಬೇಕು.

ನಮ್ಮ ಭಾವ ದುಬೈಯಿಂದ ಬರುವಾಗ ಡ್ಯೂಟಿ ಫ್ರೀಯಲ್ಲಿ ಒಂದು ಶಾತೊನೆಫ್ ದ್ಯು ಪಾಪ್ ತಂದರು. ಫ್ರಾನ್ಸಿನ ರೋನ್ ನದಿಯ ಕಡೆಯದ್ದು. ಗ್ರೆನಾಶ್ ದ್ರಾಕ್ಷಿ ಮುಖ್ಯ, ಒಟ್ಟು 13 ಬಗೆ ಹಾಕಬಹುದು ಅಂತ ಲೆಕ್ಕ. ಬಾಟಲಿಯ ಗಾಜಿನಲ್ಲೇ ಪೋಪರ ಕಿರೀಟ, ಬೀಗದ ಕೈ ಎಲ್ಲ ಉಬ್ಬಿಕೊಂಡಿರುತ್ತದೆ, ಬೆರಳಿಗೆ ಸಿಗುತ್ತದೆ. ನಾನು ದಿನಕ್ಕೊಮ್ಮೆ ಮುಟ್ಟಿ ನೋಡಿ ಅಕ್ಕಿ ಡಬ್ಬದ ಹಿಂದೆ ಇಡುತ್ತಿದ್ದೆ. ಮಳೆ ಶುರುವಾಗಲಿ, ಒಳ್ಳೆ ಕೋಳಿ ಸುಕ್ಕ ಮಾಡಿ ಕೂತು ಕುಡಿಯುವ ಅಂತ.

ನಾನು ಕೆಲಸದ ಮೇಲೆ ಮಂಗಳೂರಿಗೆ ಹೋಗಿದ್ದಾಗ ಪಕ್ಕದ ಮನೆ ಬಾಯಮ್ಮ ಬಂದು ಕ್ರಿಸ್ಮಸ್ ಕೇಕಿಗೆ ದ್ರಾಕ್ಷಿ ಗೋಡಂಬಿ ನೆನೆ ಹಾಕಲಿಕ್ಕೆ ಸ್ವಲ್ಪ ವೈನ್ ಸಿಗುತ್ತದಾ ಅಂತ ವಿಚಾರಿಸಿದ್ದಾರೆ. ಅಮ್ಮ 'ಇದೊಂದು ಸುಮ್ಮನೆ ಬಿದ್ದಿದೆ, ತಗೊಂಡು ಹೋಗಿ' ಅಂತ ಬಾಟಲಿಯನ್ನೇ ಕೊಟ್ಟಿದ್ದಾರೆ. ಡಿಸೆಂಬರದಲ್ಲಿ ಕುಸ್ವಾರ್, ಅಂದರೆ ಕ್ರಿಸ್ಮಸ್ ತಿಂಡಿಯ ತಟ್ಟೆ ಬಂತು. ಕೇಕ್ ಬಾಯಿಗೆ ಹಾಕಿದ ಕೂಡಲೇ ನಾನು 'ಬಾಯಮ್ಮ, ಈ ಸಲ ಕೇಕ್ ಭಾರೀ ಲಾಯ್ಕಾಗಿದೆ' ಅಂದೆ. 'ನಿಮ್ಮದೇ ವೈನಲ್ವಾ' ಅಂದರು.

ಶೇಂಗಾ ಹೋಳಿಗಿ:
ಬಿದ್ದು ಬಿದ್ದು ನಕ್ಕೆ. ನಿಮ್ಮ ತಾಯಿಯವರದು ಏನೂ ತಪ್ಪಿಲ್ಲ ಬಿಡ್ರಿ. ಅಕ್ಕಿ ಡಬ್ಬಿ ಹಿಂದ ಇದ್ದದ್ದು ಅಡಗಿ ಸಾಮಾನ.

ಹೊಸೂರು ಗೇಟು:
ಗುರೂ, ಆ ಕೇಕಿನ ಒಂದೊಂದು ತುಂಡು ಎಷ್ಟು ಬಿತ್ತು ಅಂತ ಭಾವನಿಗೆ ಹೇಳಿದೀರಾ?

ಚಂದ್ರಗಿರಿ ದಡ:
ಭಾವನಿಗೆ ಇವತ್ತಿಗೂ ಗೊತ್ತಿಲ್ಲ. ಅವರು ಈ ವೇದಿಕೆಯಲ್ಲಿ ಇಲ್ಲ ಅಂತ ದೇವರಿಗೆ ಕೈ ಮುಗಿಯುತ್ತಾ ಇದ್ದೇನೆ.

ಬರೀ ನೀರು:
ಗಡಿನಾಡಿನ ಕನ್ನಡ ಸಾಲಿ ಮುಚ್ಚಾಕ ಹತ್ತ್ಯಾವ, ಇಲ್ಲಿ ಬಾಟಲಿ ಬಗ್ಗೆ ಅಳಾಕ ಹತ್ತೀರಿ. 2022ರ ಜನವರಿಯೊಳಗ ಸುಪರ್ ಮಾರ್ಕೆಟಿನ್ಯಾಗ ವೈನ್ ಮಾರಾಕ ಕೊಡತೀವಿ ಅಂತ ಮಹಾರಾಷ್ಟ್ರ ಮಂತ್ರಿಮಂಡಳ ನಿರ್ಣಯ ಮಾಡಿತ್ತು. ಅಣ್ಣಾ ಹಜಾರೆ ವಿರೋಧ ಮಾಡಿದ್ದಕ್ಕ ಅಲ್ಲಿಗೇ ನಿಂತು. ಇಲ್ಲಾಂದ್ರ ಈಗ ಗೋಧಿ ಹಿಟ್ಟಿನ ಬಾಜೂಕ ವೈನ್ ಇರತಿತ್ತು.

ಮಿರಜ ಜಂಕ್ಷನ್:
ಅವರೊಬ್ಬರ ವಿರೋಧ ಅಲ್ಲ, ಆಗಿನ ವಿರೋಧ ಪಕ್ಷಾನೂ ಬಿಡಲಿಲ್ಲ. ಇನ್ನ ಕುಡಿತದ ಮಾತು: ಸಾರಾಯಿ, ದೇಶೀ ಎಷ್ಟು ಹರದು ಹೋಗತಾವ ಅಂತ ನಿಮಗೂ ಗೊತ್ತು. ವರ್ಷಕ್ಕ ಒಂದು ಬಾಟಲಿ ವೈನ್ ತಗೊಂಡು ಅದನ್ನೂ ತೆಗಿಯದ ಅಳೋ ಮಂದಿಯಿಂದ ಸಮಾಜ ಏನ್ ಕೆಡತದ್ರಿ?

ಬರೀ ನೀರು:
ನೀವು ಅಳ್ರಿ. ನಾ ಓದತೀನಿ.

ಜತ್ತ ಕಮತ:
ನಾ ಕುಡಿಯೋ ಮನಷ್ಯಾ ಅಲ್ಲ. ಆದ್ರ ಈ ಪ್ರಶ್ನೆ ನನಗ ಕೇಳಿದಂಗ ಅನಸ್ತು, ಅದಕ್ಕ ಬರ್ಯಾಕ ಕುಂತೀನಿ. ಉದ್ದ ಆಗತೈತಿ.

2001ರಾಗ ಸರಕಾರ ದ್ರಾಕ್ಷಿ ಸಂಸ್ಕರಣಾ ಧೋರಣಾ ತಂತು. ನಾಸಿಕ ಕಡೆ ವಿಂಚೂರದಾಗ, ನಮ್ಮ ಸಾಂಗ್ಲಿ ಜಿಲ್ಲಾದಾಗ ಪಲೂಸದಾಗ ವೈನ್ ಪಾರ್ಕ್. ಅಬಕಾರಿ ಸುಂಕ ಮಾಫಿ. ಎಲ್ಲಾ ಕಡೆ ಒಂದ ಮಾತು, ವೈನ್ ದ್ರಾಕ್ಷಿ ಹಚ್ಚ್ರಿ, ಕರಾರು ಮಾಡ್ರಿ, ಮಾರ್ಕೆಟ್ ಚಿಂತಿ ಇಲ್ಲ. ನಮ್ಮ ಅಪ್ಪಾ ಥಾಮ್ಸನ್ ಅನ್ನೋ ಊಟದ ದ್ರಾಕ್ಷಿ ಕಿತ್ತು ಶಿರಾಜ್ ಅನ್ನೋ ವೈನ್ ದ್ರಾಕ್ಷಿ ಹಚ್ಚಿದಾ. ಅಪ್ಪಾ ಮಾಳಕರಿ. ಕೊರಳಾಗ ತುಳಸಿ ಮಾಲಿ, ವರ್ಷಾ ಆಷಾಢಿಗೆ ಪಂಢರಪುರಕ್ಕ ನಡದ ಹೋಗಾಂವ. ಊರಾಗ ಮಂದಿ 'ಮಾಳಕರಿ ದಾರೂ ಹಚ್ಚ್ಯಾನ' ಅಂತ ನಕ್ಕ್ರು. ಅಪ್ಪಾ 'ನಾ ಹಚ್ಚಿದ್ದು ದ್ರಾಕ್ಷಿ, ದಾರೂ ಮಾಡಾಂವ ಬ್ಯಾರೆದಾಂವ' ಅಂದಾ.

ಊಟದ ದ್ರಾಕ್ಷಿಗೂ ಇದಕ್ಕೂ ಸಂಬಂಧನ ಇಲ್ಲ. ಥಾಮ್ಸನ್ ಗೊಂಚಲಾ ಜಿಎ (ಬೆಳವಣಿಗಿ ಹಾರ್ಮೋನು) ನೀರಾಗ ಅದ್ದಿ ಅದ್ದಿ ಕಾಳು ಉದ್ದ ಮಾಡಬೇಕು, ಕತ್ರಿ ತಗೊಂಡು ಕಾಳು ಬಿಡಿಸಬೇಕು. ಶಿರಾಜಿಗೆ ಅದೇನೂ ಇಲ್ಲ. ಕಾಳು ಸಣ್ಣು, ಕರ್ರಗ, ಗೊಂಚಲಾ ಮುಷ್ಟಿಯಂಗ ಬಿಗಿ. ಬಾಯಾಗ ಹಾಕಿದ್ರ ಸಿಪ್ಪಿ ದಪ್ಪ, ಬೀಜ ಹಲ್ಲಿಗೆ ಬಡೀತಾವ, ಆದ್ರ ಸಿಹಿ ಥಾಮ್ಸನ್ನಿಗಿಂತ ಜಾಸ್ತಿ. ಕಂಪನಿ ಸಾಹೇಬ ಬಂದು ಒಂದು ಕಾಳು ಹಿಚುಕಿ ಸಿಹಿ ಅಳಿಯೋ ಬ್ರಿಕ್ಸ್ ಮೀಟರಿನ ಗಾಜಿನ ಮ್ಯಾಲ ಒಂದ ಹನಿ ಬಿಡಾಂವ, ಒಂದ ಕಣ್ಣ ಮುಚ್ಚಿ ಬೆಳಕಿಗೆ ಹಿಡಿಯಾಂವ. 22ರ ಮ್ಯಾಲ ತೋರಿಸಿದ್ರ ತಲಿ ಹಾಕಾಂವ. ಆವಾಗ ಅಪ್ಪನ ಮಾರಿ ನೋಡಬೇಕಿತ್ತು. ಬೆಳಗಾಗೋ ಮೊದಲ ಬ್ಯಾಟರಿ ಹಚ್ಕೊಂಡು ಕಡದು, ಹೊತ್ತು ಏರೂದರೊಳಗ ಕ್ರೇಟ್ ಟೆಂಪೋದಾಗ ಏರಿಸ್ತಿದ್ದೆವು.

ಮೊದಲ ವರ್ಷಗಳಾಗ ರೊಕ್ಕ ಸರಿ ಬಂತು. 2008ರ ಕಡೀಕ ಎಲ್ಲಾ ತಿರುಗಿತು. ಜಗತ್ತಿನ್ಯಾಗ ಆರ್ಥಿಕ ಕುಸಿತ, ನವೆಂಬರ್‌ದಾಗ ಮುಂಬೈ ಮ್ಯಾಲ ದಾಳಿ, ಹೋಟೆಲ್ ಖಾಲಿ, ವೈನ್ ಹೋಗವಲ್ದು. ಕಂಪನ್ಯಾವರು 'ಟಾಕಿ ತುಂಬ್ಯಾವ, ಈ ವರ್ಷ ಮಾಲು ಬ್ಯಾಡ' ಅಂದ್ರು. ಯಾವ ಕಂಪನಿ ಅಂತ ಕೇಳಬ್ಯಾಡ್ರಿ. ಬೀಜ ಇರೋ ದ್ರಾಕ್ಷಿ, ಪ್ಯಾಟ್ಯಾಗ ಯಾರೂ ತಿನ್ನೂದಿಲ್ಲ, ಬೇದಾಣಾ (ಒಣದ್ರಾಕ್ಷಿ) ಮಾಡಿದ್ರೂ ಯಾರೂ ತಗೊಳ್ಳೂದಿಲ್ಲ. ಗಿಡದಾಗ ಸುಕ್ಕಿದ್ದು ಸುಕ್ಕಿತು, ಉಳದದ್ದಕ್ಕ ಕುರಿ ಬಿಟ್ಟೆವು. ಮುಂದ ಬುಡಾ ಕತ್ತರಿಸಿ ಸೋನಾಕಾ ಅನ್ನೋ ಬೀಜ ಇಲ್ಲದ ಊಟದ ದ್ರಾಕ್ಷಿ ಕಸಿ ಕಟ್ಟಿದೆವು. ಸೋಲಾಪುರ ಹತ್ರದ ನಾನ್ನಜದ ತಳಿ, ಅದ ನಮ್ಮನ್ನ ಉಳಿಸ್ತು.

ಈಗ ಕೇಳ್ರಿ ನನ್ನ ಮಾತು. ಅಷ್ಟು ವರ್ಷ ಕ್ರೇಟಗಟ್ಟಲೆ ಕಳಿಸಿದೆವು, ಅದರಿಂದ ಆದ ವೈನಿನ ಒಂದು ಬಾಟಲಿ ನಾವು ಕಣ್ಣೀಲೆ ನೋಡಿಲ್ಲ. ಯಾರೂ ಕೊಡಲಿಲ್ಲ, ನಾವೂ ಕೇಳಲಿಲ್ಲ. ಅಪ್ಪಗ ಈಗ ವಯಸ್ಸಾಗೈತಿ. ಕುಡಿಯಾಂವ ಅಲ್ಲ, ಮೂಸಿ ಸೈತ ನೋಡಾಂವ ಅಲ್ಲ. ಆದ್ರ ನಡುನಡುವ ಕೇಳತಾನ, 'ಅದರ ಬಣ್ಣಾ ಹೆಂಗ ಬಂದಿತ್ತೋ ಏನೋ'.

ಸೋಲಾಪುರ ಚಾದರ:
ಇದರ ಮುಂದ ನಂದು ಏನೂ ಅಲ್ಲ ಬಿಡ್ರಿ ಅಣ್ಣಾವ್ರ.

ಚಂದ್ರಗಿರಿ ದಡ:
ಓದಿ ಒಂದು ಗಳಿಗೆ ಸುಮ್ಮನೆ ಕೂತೆ. ಮಾಳಕರಿ ಅಂದರೆ ಮಾಂಸ, ಮದ್ಯ ಎರಡೂ ಬಿಟ್ಟವರಾ?

ಜತ್ತ ಕಮತ:
ಹೌದ್ರಿ. ಮಾಲಿ ಹಾಕಿದ ಮ್ಯಾಲ ಎಲ್ಲಾ ಬಂದ್.

ಪುಣೆ ಶಿಫ್ಟ್:
ಜತ್ತ ಅಣ್ಣಾವ್ರಿಗೆ ಒಂದು ಮಾತು. ನಾ ದುಧನಿ ಕಡ್ಯಾಂವ, ಪುಣೆದಾಗ ಹೋಟೆಲಿನ್ಯಾಗ ವೈನ್ ಸುರಿಯೋದ ನನ್ನ ಕೆಲಸ. ಆ ವರ್ಷದ ಸಾಂಗ್ಲಿ ಶಿರಾಜ್ ಈಗ ಸಿಕ್ಕರೂ ಕುಡ್ಯಾಕ ಬರೂದಿಲ್ಲ. ಜಗತ್ತಿನ ವೈನೊಳಗ ಬಹುಪಾಲು ಒಂದೆರಡು ವರ್ಷದಾಗ ಕುಡದು ಮುಗಿಸಾಕ ಮಾಡಿದ್ದು. ಬಿಳಿ ವೈನ್, ಗುಲಾಬಿ ವೈನ್, ನೊರಿ ವೈನ್ ಬಹುತೇಕ ಎಷ್ಟು ಹೊಸದೋ ಅಷ್ಟು ಛಲೋ. ಹುಳಿ ಮತ್ತ ಒಗರು ಎರಡೂ ಗಟ್ಟಿ ಇದ್ದ ಕೆಂಪು ವೈನಿನಂಥಾ ಕೆಲವು ಮಾತ್ರ ವರ್ಷಾನುಗಟ್ಟಲೆ ನಿಲ್ಲತಾವ. ಅದೂ 12–14 ಡಿಗ್ರಿ ತಂಪಿನ್ಯಾಗ, ಕತ್ತಲದಾಗ, ಬೂಚು ಒಣಗದಂಗ ಅಡ್ಡ ಮಲಗಿಸಿ ಇಟ್ರ. ತಿರುಪು ಮುಚ್ಚಳ ಇದ್ರ ಮಲಗಿಸೂದು ಬೇಕಿಲ್ಲ. ನಮ್ಮ ಕಡೆ ಬಿಸಿಲಿಗೆ ಒಳಗಿನ ರಸ ಹಿಗ್ಗಿ ಬೂಚನ್ನ ಮ್ಯಾಲ ನೂಕತದ, ಗಾಳಿ ಒಳಗ ಹೋಗತದ, ಕಥಿ ಮುಗೀತು.

ಅದಕ್ಕ ಈ ಎಳಿಯೊಳಗ 'ಇಟ್ಟಿದ್ರ ಛಲೋ ಆಗತಿತ್ತು' ಅನ್ನೋರಿಗೆಲ್ಲಾ ನಂದೊಂದು ಕೈ ಮುಗಿದ ಮಾತು, ಕುಡೀರಿ.

ಶೇಂಗಾ ಹೋಳಿಗಿ:
ಅವರು ಕುಡ್ಯಾಕ ಕೇಳ್ಯಾರೇನು? ಬಣ್ಣಾ ನೋಡಾಕ ಕೇಳ್ಯಾರ. ಪೂರ್ತಿ ಓದಿ ಉತ್ತರ ಕೊಡ್ರಿ ತಮ್ಮಾ.

ಪುಣೆ ಶಿಫ್ಟ್:
ಅಕ್ಕಾ, ಖರೇ.

ಅಕ್ಕಲಕೋಟ ರಸ್ತೆ:
12 ಡಿಗ್ರಿ ಅಂತ. ನಮ್ಮ ಹಳೀ ಮನ್ಯಾಗ ಹಗೇವು ಅದ, ಜ್ವಾಳ ಹಾಕತಿದ್ದದ್ದು. ಅಲ್ಲಿ ಇಡಬಾರದೇನು? ನೆಲದಾಗ ತಂಪಲ್ಲ?

ಮಿರಜ ಜಂಕ್ಷನ್:
ಹರಿಪುರದ ಅರಿಷಿಣ ಪೇವಿನಂಗ! ಸಾಂಗ್ಲಿ ಬಾಜೂಕ ಹರಿಪುರದಾಗ ಅರಿಷಿಣಾ ನೆಲದಾಗ ವರ್ಷಗಟ್ಟಲೆ ಇಡತಿದ್ರು, ಹುಳಾ ಹತ್ತತಿರಲಿಲ್ಲ. 2005ರ ಮಹಾಪೂರದಾಗ ಭಾಳ ಪೇವು ಹಾಳಾದ್ವು.

ಪುಣೆ ಶಿಫ್ಟ್:
ಹಗೇವು ತಂಪು ಅನಸ್ತದ ಅಷ್ಟ. ನೆಲದೊಳಗಿನ ಕಾವು ಆ ಊರಿನ ವರ್ಷದ ಸರಾಸರಿ ಸುತ್ತಮುತ್ತ ಇರತದ. ಸೋಲಾಪುರ ಸೀಮ್ಯಾಗ ಅಂದ್ರ 25ರ ಮ್ಯಾಲ. ಫ್ರಾನ್ಸಿನ ನೆಲಮಾಳಿಗಿ ತಂಪು ಯಾಕಂದ್ರ ಫ್ರಾನ್ಸ್ ತಂಪು. ಆದ್ರ ಕಪಾಟಿನ ಮ್ಯಾಗಿಂದಕಿಂತ ಛಲೋ, ಹಗಲು ರಾತ್ರಿ ಏರಿಳಿತ ಇರೂದಿಲ್ಲ.

ಜತ್ತ ಕಮತ:
ಹಗೇವಿನ ಬಾಯಿ ತೆಗದ ಮ್ಯಾಲ ಮೊದಲ ದೀಪಾ ಇಳಿಸಿ ನೋಡ್ರಿ. ದೀಪಾ ಆರಿದ್ರ ಒಳಗ ಗಾಳಿ ಇಲ್ಲ. ಜ್ವಾಳ ತೆಗಿಯಾಕ ಇಳದು ಸತ್ತಾವ್ರು ಐತಾರ. ವೈನಿನ ಸಲುವಾಗಿ ಇಳಿಯಬ್ಯಾಡ್ರಿ.

ಹೊಸೂರು ಗೇಟು:
ಪೋಸ್ಟ್‌ಮಾರ್ಟಂ ರಿಪೋರ್ಟಲ್ಲಿ ಏನು ಬರೀತಾರೆ ಗುರೂ.

ಪುಣೆ ಶಿಫ್ಟ್:
ಸೋಲಾಪುರಕ್ಕ ಹೇಳಿ ಮಾಡಿಸಿದ ವೈನ್ ಒಂದದ, ಮದೇರಾ. ಪೋರ್ಚುಗಲ್ ದೇಶದ ದ್ವೀಪದ್ದು. ಹಿಂದಕ ಹಡಗಿನ್ಯಾಗ ಹಾಕಿ ಬಿಸಿ ದೇಶದ ಮ್ಯಾಲಿಂದ ಒಯ್ಯಾಗ ಪೀಪಾಯಿಯೊಳಗ ಕಾದು ಕಾದು ರುಚಿ ಹೆಚ್ಚಾತಂತ. ಈಗ ಬೇಕಂತನ 45–50 ಡಿಗ್ರಿ ಕಾಯಿಸ್ತಾರ, ಮೂರು ತಿಂಗಳು, ಇಲ್ಲಾ ಅಟ್ಟದ ಮ್ಯಾಲ ಬಿಸಿಲಿನ ಕಾವಿಗೆ ವರ್ಷಗಟ್ಟಲೆ ಇಡತಾರ. ಮೊದಲ ಬೆಂದದ್ದು, ಮುಂದ ಏನೂ ಆಗೂದಿಲ್ಲ. ಬಾಟಲಿ ತೆಗದಿಟ್ರೂ ತಿಂಗಳಗಟ್ಟಲೆ ತಡೀತದ.

ಸೋಲಾಪುರ ಚಾದರ:
ಹಂಗಂದ್ರ ನಮ್ಮ ಮನಿ ಪತ್ರಾ ಮಾಳಿಗಿಗೆ ಅಂತಾರಾಷ್ಟ್ರೀಯ ಬೆಲಿ ಬಂತು.

ಶೇಂಗಾ ಹೋಳಿಗಿ:
ಇಲ್ಲಿ ಗಂಡಸರ ಬಾಟಲಿ ಕಥಿ ಆಯ್ತಲ್ಲ, ನಂದೂ ಕೇಳ್ರಿ. ಆಫೀಸಿನ ಟ್ರಿಪ್ ನಾಸಿಕಕ್ಕ ಹೋಗಿತ್ತು. ವೈನರಿ ತೋರಿಸಿ, ಸಾಲಾಗಿ ಗ್ಲಾಸ್ ಇಟ್ಟು, ಹುಡುಗಾ ಒಬ್ಬಾಂವ ಹೆಂಗ ತಿರುಗಿಸಬೇಕು ಹೆಂಗ ಮೂಸಬೇಕು ಹೇಳಿಕೊಟ್ಟಾ. ನಮ್ಮ ಸಾಹೇಬರಿಂದ ಹಿಡದು ಡ್ರೈವರ್ ಬಿಟ್ಟು ಎಲ್ಲಾ ಗಂಡಸರೂ ಮೂಸಿದ್ರು. ನಾನು ನಿಂಬು ಶರಬತ್ತು ಹಿಡಕೊಂಡು ನಿಂತೆ. ಯಾಕಂದ್ರ ಗ್ರೂಪ್ ಫೋಟೋ. ಅದು ಸಂಜಿಯೊಳಗ ಅಕ್ಕಲಕೋಟದ ಎಲ್ಲಾ ವಾಟ್ಸಾಪಿನ್ಯಾಗ ಇರತದ, ನಮ್ಮ ಅತ್ತಿಯವರ ಭಜನಾ ಮಂಡಳಿ ಸೈತ.

ಕಡೀದು ಲೇಟ್ ಹಾರ್ವೆಸ್ಟ್ ಶೆನಿನ್ ಬ್ಲಾಂ. ದ್ರಾಕ್ಷಿ ಗಿಡದಾಗನ ಜಾಸ್ತಿ ದಿನಾ ಬಿಟ್ಟು ಸಿಹಿ ಏರಿದ ಮ್ಯಾಲ ಮಾಡಿದ್ದು, ಸಣ್ಣ ಬಾಟಲಿ, ಊಟದ ಮ್ಯಾಲ ಕುಡಿಯೂದು. ಬಾಜೂಕ ನಿಂತಾಕಿ ಗ್ಲಾಸಿನಿಂದ ಜೇನು, ಮಾಗಿದ ಅನಾನಸು ವಾಸನಿ ಬರಾಕ ಹತ್ತಿತ್ತು. ಅಲ್ಲೇ ತಗೊಂಡು ಪರ್ಸಿನ್ಯಾಗ ಹಾಕೋಬಹುದಿತ್ತು, ಅಷ್ಟ ಸಣ್ಣದು. ಊರಿಗೆ ಬಂದು ನಮ್ಮ ಯಜಮಾನರಿಗೆ ಹೇಳಿ ವೈನ್ ಶಾಪಿಗೆ ಕಳಿಸಿದ್ರ, ಅಂಗಡ್ಯಾಂವ ಹಿಂದಿನ ಗೋಡಿ ತುಂಬ ವಿಸ್ಕಿ ಇಟಗೊಂಡು 'ವೈನ್ ಇಟ್ಟಿಲ್ಲ ಸರ್' ಅಂದನಂತ.

ಅಕ್ಕಲಕೋಟ ರಸ್ತೆ:
ಆ ಅಂಗಡಿ ನನಗ ಗೊತ್ತು. ಒಂದು ಪೋರ್ಟ್ ವೈನ್ ಇರತದ, ಧೂಳ ಒರಸಿ ಕೊಡತಾನ.

ಚಂದ್ರಗಿರಿ ದಡ:
ಅಕ್ಕಾ, ನಿಮ್ಮ ಯಜಮಾನರು ಒಳ್ಳೆಯ ಜನ. ನಮ್ಮಲ್ಲಿ ಮನೆಯಲ್ಲಿ ವೈನ್ ಮಾಡಿದರೂ ಕೇಸಾಗಬಹುದು ಅಂತ 2019ರಲ್ಲಿ ಕ್ರಿಸ್ಮಸಿಗೆ ಮೊದಲು ಅಬಕಾರಿಯವರು ಎಚ್ಚರಿಕೆ ಕೊಟ್ಟಿದ್ದರು. ಬಾಯಮ್ಮ ಆವತ್ತಿಂದ ಭರಣಿಯ ವಿಷಯ ಎತ್ತುವುದಿಲ್ಲ.

ಮಿರಜ ಜಂಕ್ಷನ್:
ತಪ್ಪಿದ್ದಕ್ಕ ಖುಷಿಪಡೋ ಮಂದಿನೂ ಅದಾರ, ಕೇಳ್ರಿ. ವೈನ್ ಜಗತ್ತಿನ ದೊಡ್ಡ ಹೆಸರು ಫ್ರಾನ್ಸಿನ ಬರ್ಗಂಡಿ ಸೀಮಿಯ ರೊಮಾನೆ-ಕೊಂತಿ. 1945ರಾಗ ಬರೀ 600 ಬಾಟಲಿ ಆತು, ಆ ಮ್ಯಾಲ ಹಳೀ ಬಳ್ಳಿ ಕಿತ್ತು ಹೊಸಾವು ಹಚ್ಚಿದ್ರು. 2018ರಾಗ ನ್ಯೂಯಾರ್ಕಿನ ಸದಬೀಸ್ ಹರಾಜಿನ್ಯಾಗ ಅದರ ಒಂದು ಬಾಟಲಿ 5,58,000 ಡಾಲರ್‌ಗೆ ಹೋತು. ಕೈ ಎತ್ತಿ ಎತ್ತಿ ಸೋತಾವ್ರು ಎಷ್ಟು ಹಲುಬಿರಬೇಕು.

ಈ ಕಡೆ ರೂಡಿ ಕುರ್ನಿಯಾವಾನ್ ಅನ್ನೋ ಭೂಪ. ಹಳೀ ಬಾಟಲಿ ಅಂತ ಹೇಳಿ ಅಡಗಿಮನ್ಯಾಗ ತಾನ ಬೆರಸಿ, ಚೀಟಿ ಹಚ್ಚಿ ಕೋಟ್ಯಾಧೀಶರಿಗೆ ಮಾರತಿದ್ದ. ಸಿಕ್ಕಿಬಿದ್ದದ್ದು ಹೆಂಗಂದ್ರ, 2008ರ ಒಂದು ಹರಾಜಿನ್ಯಾಗ ಬರ್ಗಂಡಿಯ ಪೊನ್ಸೊ ಅನ್ನೋ ವೈನ್ ಮನೆತನದ, ಕ್ಲೋ ಸೆಂ ದೆನಿ ಅನ್ನೋ ತೋಟದ ವೈನ್ 1945ರಿಂದ 1971ರ ತನಕದ್ದು ಇಟ್ಟಿದ್ದ. ಆ ಮನೆತನದವರು ಆ ತೋಟದ ವೈನ್ ಮಾಡಾಕ ಶುರು ಮಾಡಿದ್ದ 80ರ ದಶಕದಾಗ! ಲೊರಾಂ ಪೊನ್ಸೊ ಸ್ವತಾ ಫ್ರಾನ್ಸಿಂದ ನ್ಯೂಯಾರ್ಕಿಗೆ ಬಂದು ಹರಾಜಿನ್ಯಾಗ ಕುಂತು ಅವನ್ನ ತೆಗಿಸಿದಾ. 2014ರಾಗ ರೂಡಿಗೆ 10 ವರ್ಷ ಶಿಕ್ಷಾ ಆತು. ಅವನ ಬಾಟಲಿ 'ಕೈ ತಪ್ಪಿತು' ಅಂತ ಅತ್ತಾವ್ರು ಆ ಮ್ಯಾಲ ಪೇಢೆ ಹಂಚಿರಬೇಕು.

ಹೊಸೂರು ಗೇಟು:
ಒಡೆದ ಬಾಟಲಿ ಮರೆತ್ರಲ್ಲ. 1989ರಲ್ಲಿ ಸೊಕೊಲಿನ್ ಅನ್ನೋ ವ್ಯಾಪಾರಿ ಫ್ರಾನ್ಸಿನ ಶಾತೊ ಮಾರ್ಗೊ ವೈನಿನ 1787ರ ಬಾಟಲಿ ಹಿಡ್ಕೊಂಡು ನ್ಯೂಯಾರ್ಕಿನ ಫೋರ್ ಸೀಸನ್ಸ್ ರೆಸ್ಟೋರೆಂಟಿಗೆ ತೋರಿಸೋಕೆ ಹೋದ. ಅಲ್ಲಿ ಯಾವುದಕ್ಕೋ ತಗುಲಿ ಬಾಟಲಿ ತೂತಾಗಿ ನೆಲದ ಮೇಲೆ ಸೋರಿಹೋಯ್ತು. ವಿಮೆಯವರು 2,25,000 ಡಾಲರ್ ಕೊಟ್ಟರಂತೆ. ನಮ್ಮಲ್ಲಿ ಆಗಿದ್ರೆ ಸರ್ವೆಯರ್ ಬಂದು 'ಬಾಟಲಿ ಹಳೇದು, ಸವಕಳಿ ಕಳೀತೀವಿ' ಅಂತಿದ್ದ.

ನನ್ನದು ಚಿಕ್ಕದು. ಬೆಂಗಳೂರಲ್ಲಿ ಒಂದು ಅಂಗಡೀಲಿ ಹಂಪಿ ಹಿಲ್ಸ್‌ನ ಕೃಷ್ಮಾ ಕ್ಯಾಬರ್ನೆ ಕೊನೇ ಬಾಟಲಿ ಇತ್ತು. ಕೈಗೆ ತಗೊಂಡೆ. ಆಮೇಲೆ ಅತ್ತಿಬೆಲೆ ಚೆಕ್‌ಪೋಸ್ಟ್ ನೆನಪಾಯ್ತು. ತಮಿಳುನಾಡಲ್ಲಿ ಸರ್ಕಾರದ ಟಾಸ್ಮಾಕ್ ಬಿಟ್ಟು ಬೇರೆ ಯಾರೂ ಅಂಗಡಿ ಇಟ್ಟು ಮಾರೋ ಹಾಗಿಲ್ಲ, ಹೊರಗಿನ ರಾಜ್ಯದ್ದು ತಂದ್ರೆ ಪೊಲೀಸರ ಬಾಯಿಗೆ ಉತ್ತರ ಹೇಳಬೇಕು. ವಾಪಸ್ ಇಟ್ಟೆ. ಅಲ್ಲೇ ನಿಂತಿದ್ದ ಒಬ್ಬ ಹುಡುಗ ಎತ್ಕೊಂಡು ಹೋದ, ಪಕ್ಕದಲ್ಲಿ ಕೋಲಾ ಬಾಟಲಿನೂ ತಗೊಂಡ. ಅದೇ ಹೊಟ್ಟೆ ಉರಿ.

ಪುಣೆ ಶಿಫ್ಟ್:
ಕೋಲಾ ಬ್ಯಾರೆದಕ್ಕ ಇರಬಹುದು. ಹಂಗ ಅಂದ್ಕೊಳ್ರಿ.

ಅಕ್ಕಲಕೋಟ ರಸ್ತೆ:
ಇದಕ್ಕೆಲ್ಲಾ ಮೂಲ ಗಡಿ. ಮಹಾಜನ ವರದಿ ಜಾರಿ ಆಗಿದ್ರ ಅಕ್ಕಲಕೋಟ, ಜತ್ತ ಕಡೆ ಹಳ್ಳಿ, ಕಾಸರಗೋಡು ಎಲ್ಲಾ ಕರ್ನಾಟಕದಾಗ ಇರತಿತ್ತು. ನಂದಿ ಬೆಟ್ಟದ ಗ್ರೋವರ್ ವೈನ್ ಮನಿ ಮುಂದ ಸಿಗ್ತಿತ್ತು, ಫ್ರಾಟೆಲಿನೂ ನಮ್ಮದ ಆಗತಿತ್ತು.

ಮಿರಜ ಜಂಕ್ಷನ್:
ಅಕಲೂಜ ಮಾಳಶಿರಸ ತಾಲೂಕದಾಗ ಅದ. 1967ರ ವರದಿಯೊಳಗ ಅದರ ಹೆಸರು ಎಲ್ಲಿತ್ತು? ಫ್ರಾಟೆಲಿ ಅಲ್ಲೇ ಉಳೀತಿತ್ತು.

ಚಂದ್ರಗಿರಿ ದಡ:
ಕಾಸರಗೋಡೂ ಪೂರ್ತಿ ಅಲ್ಲ, ಚಂದ್ರಗಿರಿ ಹೊಳೆಯ ಬಡಗು ಮಾತ್ರ. ನನ್ನ ಮನೆ ತೆಂಕು ದಡದಲ್ಲಿ. ನನಗೆ ಆ ವರದಿಯಲ್ಲೂ ಬೆವ್ಕೊವೇ ಗತಿ.

ಅಕ್ಕಲಕೋಟ ರಸ್ತೆ:
ಹಂಗಾದ್ರ ಹೊಳಿ ಈಸಿ ಬರ್ರಿ.

ಬರೀ ನೀರು:
ನೋಡ್ರಿ, ಕಡೀಕ ಗಡಿಗೇ ಬಂದ್ರಿ. 2012ರಾಗ ನೀರಿನ ಸಲುವಾಗಿ ಜತ್ತ ತಾಲೂಕಿನ ಹಳ್ಳಿ ಮಂದಿ ಕರ್ನಾಟಕಕ್ಕ ಹೋಗತೀವಿ ಅಂತ ಠರಾವು ಮಾಡಿದ್ರು. ಆ ಮಂದಿಗೆ ನೀರ ಇರಲಿಲ್ಲ, ನೀವು...

ನಿರ್ವಾಹಕ:
ಗಡಿ ಮಾತಿಗೆ ಬ್ಯಾರೆ ಎಳಿ ಅದ, ಅಲ್ಲಿ ಮುಂದುವರಿಸ್ರಿ. ಇಲ್ಲಿ ಬಾಟಲಿ ಮಾತ್ರ. ಇಂಥಾ ವಾಕ್ಯ ನಾನು ಬರೀಬೇಕಾಗ್ತದಂತ ತಿಳಕೊಂಡಿರಲಿಲ್ಲ.

ಮಿರಜ ಜಂಕ್ಷನ್:
ಜತ್ತ ಅಣ್ಣಾವ್ರ, ನಿನ್ನೆ ನಿಮ್ಮದು ಓದಿದ ಮ್ಯಾಲ ನಮ್ಮ ಸೋದರಮಾವಗ ಫೋನ್ ಹಚ್ಚಿದೆ. ಅವರು ಪಲೂಸ ಪಾರ್ಕಿಗೆ ಖಾಲಿ ಬಾಟಲಿ, ರಟ್ಟಿನ ಡಬ್ಬಿ ಸಾಗಿಸೋ ಟ್ರಕ್ಕಿನ ಧಂದೆ ಮಾಡತಿದ್ರು. ಬಾಕಿ ರೊಕ್ಕದ ಬದಲಿ ಅವರಿಗೆ ವೈನ್ ಡಬ್ಬಿ ಕೊಟ್ಟಿದ್ರಂತ. ಎಲ್ಲಾ ಹೋಗ್ಯಾವ, ಒಂದು ಬಾಟಲಿ ಟ್ರಂಕಿನ್ಯಾಗ ಉಳದದಂತ. ಕೆಂಪು, ಶಿರಾಜ್, 2007. ಚೀಟಿ ಅರ್ಧ ಇಲಿ ಕಡದದ. ಬೂಚು ಒಂದಿಷ್ಟು ಮ್ಯಾಲ ಬಂದದ. ನಿಮ್ಮ ತೋಟದ್ದ ಅಂತ ಹೇಳಾಕ ಬರೂದಿಲ್ಲ, ಆದ್ರ ಆ ವರ್ಷ ಅಲ್ಲಿಗೆ ಜತ್ತ ಕಡೆ ಮಾಲು ಭಾಳ ಬಂದಿತ್ತು ಅಂತಾರ ಮಾಮಾ.

ಜತ್ತ ಕಮತ:
2007ಕ್ಕ ನಾವು ಕಳಿಸಿದ್ದೆವು. ಯಾವ ಕಂಪನಿ ಚೀಟಿ ಐತಿ? ಇಲ್ಲಿ ಬರಿಬ್ಯಾಡ್ರಿ, ನನಗ ಖಾಸಗಿ ಸಂದೇಶ ಹಾಕ್ರಿ.

ಮಿರಜ ಜಂಕ್ಷನ್:
ಹಾಕೀನಿ.

ಜತ್ತ ಕಮತ:
ಅದ ಕಂಪನಿ.

ಸೋಲಾಪುರ ಚಾದರ:
ಏನಂತೀರಿ!!

ಶೇಂಗಾ ಹೋಳಿಗಿ:
ಅಪ್ಪಾವ್ರಿಗೆ ಹೇಳಿದ್ರೇನು?

ಜತ್ತ ಕಮತ:
ಹೇಳಿದೆ. 'ರೊಕ್ಕ ಎಷ್ಟಂತ?' ಅಂತ ಮೊದಲ ಕೇಳಿದಾ. ಪುಗಸಟ್ಟೆ ಅಂದ ಮ್ಯಾಲ 'ಮನಿಯೊಳಗ ಬ್ಯಾಡ, ತೋಟದಾಗ ತಗೊಂಡು ಬಾ' ಅಂದಾನ.

ಪುಣೆ ಶಿಫ್ಟ್:
ಹಂಗಾದ್ರ ಹೇಳತೀನಿ ಕೇಳ್ರಿ. ಬಸ್ಸಿನ್ಯಾಗ ಅಲ್ಲಾಡಿಸಿಕೋತ ತಂದು ಕೂಡಲೇ ತೆಗಿಬ್ಯಾಡ್ರಿ. ಎರಡು ದಿನಾ ನೆಟ್ಟಗ ನಿಲ್ಲಿಸಿ ಇಡ್ರಿ, ತಳದಾಗ ಗಸಿ ಕೂಡಲಿ. ಹಳೀ ಬೂಚು ಪುಡಿ ಆಗತದ, ಸ್ಕ್ರೂ ಸಾವಕಾಶ ಇಳಿಸ್ರಿ, ಮುರದ್ರ ಒಳಗ ನೂಕಿ ತೆಳು ಬಿಳಿ ಅರಬಿಯೊಳಗ ಸೋಸ್ರಿ. ಬಿಳಿ ಕಾಗದದ ಮುಂದ ಗ್ಲಾಸ್ ಬಾಗಿಸಿ ಹಿಡೀರಿ. ನಟ್ಟ ನಡುವ ಕೆಂಪು ಉಳದಿರಬಹುದು, ಅಂಚಿನ್ಯಾಗ ಇಟ್ಟಂಗಿ ಬಣ್ಣಾ ಬಂದಿರತದ. ಹೊಸದಿದ್ದಾಗ ಅದು ನೇರಳೆ ಹಣ್ಣಿನ ಬಣ್ಣಾ ಇತ್ತು ಅಂತ ಅಪ್ಪಾವ್ರಿಗೆ ಹೇಳ್ರಿ, ಅದು ಖಾತ್ರಿ. ನೀವು ಬಾಯಿಗೆ ಹಾಕೋಬ್ಯಾಡ್ರಿ, ಹುಳಿ ಹೊಡದಿರತದ.

ಜತ್ತ ಕಮತ:
ಸ್ಕ್ರೂ ಅಂದ್ರ ಎಂಥಾದ್ದು? ನಮ್ಮಲ್ಲಿ ಮೋಟರ್ ಬಿಚ್ಚೋದು ಐತಿ.

ಪುಣೆ ಶಿಫ್ಟ್:
ಅಣ್ಣಾ, ಅದನ್ನ ಮುಟ್ಟಬ್ಯಾಡ್ರಿ. ನಾನ ಬರತೀನಿ. ನಂದು ಸೋಮವಾರ ಸೂಟಿ.

ಮಿರಜ ಜಂಕ್ಷನ್:
ಬರೂ ಸೋಮವಾರನ? ನಾ ಬಾಟಲಿ ತಗೊಂಡು ಮಿರಜದಿಂದ ಹೊಂಡತೀನಿ. ಅದರ ಮರುದಿನ ಆಷಾಢಿ ಏಕಾದಶಿ ಅಲ್ಲ?

ಜತ್ತ ಕಮತ:
ಅಪ್ಪಾ ದಿಂಡಿ ಕೂಡ ಹೋಗ್ಯಾನ. ಪಂಢರಪುರದಿಂದ ಬಂದ ಮ್ಯಾಲ, ಮುಂದಿನ ಸೋಮವಾರ ಇಟ್ಕೊಳ್ರಿ. ಊಟಾ ನಮ್ಮಲ್ಲೇ, ಕಟಕ ರೊಟ್ಟಿ, ಶೇಂಗಾ ಚಟ್ನಿ, ಝುಣಕಾ. ಮಾಂಸದ ಊಟ ಸಿಗೂದಿಲ್ಲ ಮೊದಲ ಹೇಳತೀನಿ.

ಬರೀ ನೀರು:
ನಂದು ಉಮದಿ, ಜತ್ತ ತಾಲೂಕಿನ್ಯಾಗ. ಸುಮ್ಮ ಬಣ್ಣಾ ನೋಡಾಕ ನಾನೂ ಬರಬಹುದೇನು?

ಜತ್ತ ಕಮತ:
ಬರ್ರಿ ಬರ್ರಿ. ಅಂದಂಗ ಯಾರರೆ ತಾಸಗಾಂವ ಮಾರ್ಕೆಟಿಗೆ ಹೋಗಿದ್ರೇನು? ಬೇದಾಣಾ ಹಸರು ಮಾಲು ಈ ವಾರ ಏನ್ ನಡದೈತಿ?

ನಿರ್ವಾಹಕ:
ಬೇದಾಣಾಕ್ಕ ಬ್ಯಾರೆ ಎಳಿ ಅದ ಅಣ್ಣಾ.